ಪಿಕಪ್ ಮೇಲೆ ಕ್ಯಾಂಪರ್ ಕೂರಿಸೋಕೆ ಮುಂಚೆ ಬಾಗಿಲ ಮೇಲಿನ ಸ್ಟಿಕ್ಕರ್ ಓದಿ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದೀವಿ. ನನ್ನ ಹತ್ರ 2021ರ ಫೋರ್ಡ್ ಎಫ್-150 ಪಿಕಪ್ ಟ್ರಕ್ ಇದೆ, ನಾಲ್ಕು ಬಾಗಿಲಿಂದು, ಹಿಂದೆ ಸಾಮಾನು ಹಾಕೋ ತೆರೆದ ಬೆಡ್ ಐದೂವರೆ ಅಡಿ. ನಾನು, ಹೆಂಡತಿ, ಇಬ್ಬರು ಮಕ್ಕಳು, ನಾಲ್ಕೂ ಜನ ಸೇರಿ 470 ಪೌಂಡ್ ಇದೀವಿ. ಡಿಸೆಂಬರ್ ರಜಕ್ಕೆ ಡೆತ್ ವ್ಯಾಲಿ ಮರುಭೂಮಿ ಪಾರ್ಕು, ಆಮೇಲೆ ಯೂಟಾ ಕಡೆ ಹೋಗೋ ಪ್ಲಾನು. ಬೆಡ್ ಮೇಲೆ ಕೂರೋ ಗಟ್ಟಿ ಗೋಡೆಯ ಕ್ಯಾಂಪರ್ ಒಂದು ನೋಡಿದೀವಿ, ಒಳಗೇ ಮಲಗಿ ಅಡುಗೆ ಮಾಡ್ಕೊಳ್ಳೋ ಪುಟ್ಟ ಮನೆ ತರದ್ದು, ಬ್ರೋಷರ್‌ನಲ್ಲಿ ಡ್ರೈ ವೇಟ್ 1,730 ಪೌಂಡ್ ಅಂತಿದೆ. ಟ್ರಕ್ಕಿನ ಬಾಗಿಲ ಸ್ಟಿಕ್ಕರ್‌ನಲ್ಲಿ ಹೊರೋ ಮಿತಿ 1,684 ಅಂತಿದೆ. ಟ್ರಕ್ 11,000 ಪೌಂಡ್ ಎಳೆಯತ್ತೆ, ಹಿಂದಿನ ಸ್ಪ್ರಿಂಗ್ ಜೊತೆ ಗಾಳಿ ತುಂಬೋ ಏರ್‌ಬ್ಯಾಗ್ ಹಾಕಿದ್ರೆ ಇದನ್ನ ಆರಾಮಾಗಿ ಹೊರತ್ತೆ ಅಂತ ಸೇಲ್ಸ್‌ನವರು ಹೇಳ್ತಾರೆ. ತಗೋಬಹುದಾ? ಇಲ್ಲಾ ಖಾಲಿ ಶೆಲ್, ಅಂದ್ರೆ ಕ್ಯಾಂಪರ್‌ನ ಹೊರಗಿನ ಗೂಡು ಮಾತ್ರ ತಗೊಂಡು ಒಳಗಿನ ಕೆಲಸ ನಾನೇ ಪ್ಲೈವುಡ್‌ನಲ್ಲಿ ಮಾಡ್ಕೊಂಡ್ರೆ ತೂಕ ಕಡಿಮೆ ಆಗತ್ತಾ?

ಉತ್ತರ: ನಮಸ್ಕಾರ ಸರ್. ಮೊದಲು ನೇರವಾಗಿ ಹೇಳ್ಬಿಡ್ತೀನಿ, ಆ ಕ್ಯಾಂಪರ್ ಈ ಟ್ರಕ್ಕಿಗೆ ಬೇಡ. ಅಡ್ವಾನ್ಸ್ ಕೊಟ್ಟಿಲ್ಲ ಅಂದ್ರೆ ಕೊಡಬೇಡಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ, ಆಮೇಲೆ ನಿಮ್ಮ ಎರಡನೇ ಪ್ರಶ್ನೆಗೆ ಬರ್ತೀನಿ, ಅದರಲ್ಲಿ ದಾರಿ ಇದೆ.

11,000 ಪೌಂಡ್ ಅನ್ನೋದು ಎಳೆಯೋ ಲೆಕ್ಕ, ಹೊರೋ ಲೆಕ್ಕ ಅಲ್ಲ. ಹಿಂದೆ ಟ್ರೇಲರ್ ಕಟ್ಟಿದಾಗ ಅದರ ಬಹುಪಾಲು ಭಾರ ಅದರದೇ ಚಕ್ರದ ಮೇಲಿರತ್ತೆ, ಬೆಡ್ ಮೇಲೆ ಕೂರಿಸಿದ ಕ್ಯಾಂಪರ್‌ನ ಪ್ರತಿಯೊಂದು ಪೌಂಡನ್ನೂ ನಿಮ್ಮ ಟ್ರಕ್ಕಿನ ನಾಲ್ಕು ಟೈರು, ಎರಡು ಆಕ್ಸಲ್ಲು, ಬ್ರೇಕೇ ಹೊರಬೇಕು. ಅದಕ್ಕೆ ನೀವು ನೋಡಬೇಕಾದ ನಂಬರ್ ಒಂದೇ, ಡ್ರೈವರ್ ಬಾಗಿಲು ತೆಗೆದ್ರೆ ಪಕ್ಕದ ಕಂಬದ ಮೇಲೆ ಹಳದಿ ಪಟ್ಟಿ ಇರೋ ಸ್ಟಿಕ್ಕರ್ ಕಾಣತ್ತಲ್ಲ, ಅದು. ಕೂತ ಜನ ಮತ್ತು ಸಾಮಾನು ಎರಡೂ ಸೇರಿ ಇಷ್ಟು ಮೀರಬಾರದು ಅಂತ ಅದರಲ್ಲಿ ಬರೆದಿರತ್ತೆ. ಜಾಹೀರಾತಲ್ಲಿ ಬರೋ ಪೇಲೋಡ್, ಅಂದ್ರೆ ಗಾಡಿ ಹೊರಬಲ್ಲ ಭಾರ, ಆ ಮಾಡೆಲ್‌ನಲ್ಲಿ ಅತಿ ಹೆಚ್ಚು ಹೊರೋ ಟ್ರಕ್ಕಿಂದು, ಸಾಮಾನ್ಯವಾಗಿ ಏನೂ ಅಲಂಕಾರ ಇಲ್ದಿರೋ ಎರಡು ಬಾಗಿಲಿಂದು. ಸನ್‌ರೂಫು, ಲೆದರ್ ಸೀಟು, ಫೋರ್ ವೀಲ್ ಡ್ರೈವ್, ದೊಡ್ಡ ಕ್ಯಾಬಿನ್ ಅಂತ ಸೇರಿಸ್ತಾ ಹೋದ ಹಾಗೆ ಹೊರೋ ಶಕ್ತಿ ಕಡಿಮೆ ಆಗ್ತಾ ಹೋಗತ್ತೆ, ಹಾಗಾಗಿ ಒಂದೇ ಹೆಸರಿನ ಎರಡು ಎಫ್-150 ಪಕ್ಕಪಕ್ಕ ನಿಂತಿದ್ರೂ ಸ್ಟಿಕ್ಕರ್‌ನಲ್ಲಿ ನೂರಾರು ಪೌಂಡ್ ವ್ಯತ್ಯಾಸ ಇರಬಹುದು. ನಿಮ್ಮ ಸ್ಟಿಕ್ಕರ್ ನಿಮ್ಮ ಟ್ರಕ್ಕಿಗೆ ಮಾತ್ರ.

ಆ ಸ್ಟಿಕ್ಕರ್ ಫ್ಯಾಕ್ಟರಿಯಿಂದ ಹೊರಗೆ ಬಂದಾಗಿಂದು ಅನ್ನೋದೂ ನೆನಪಿರ್ಲಿ. ಪೆಟ್ರೋಲ್ ಟ್ಯಾಂಕ್ ಫುಲ್ ಇರೋದು ಅದರಲ್ಲಿ ಸೇರಿದೆ, ಆದ್ರೆ ಡ್ರೈವರ್ ಸೇರಿಲ್ಲ. ಆಮೇಲೆ ಹಾಕಿಸಿರೋ ಸೈಡ್ ಸ್ಟೆಪ್ಪು, ಬೆಡ್ ಲೈನರ್ರು, ಮೇಲಿನ ಕವರ್ರು ಇವೆಲ್ಲ ನಿಮ್ಮ 1,684ರಿಂದಲೇ ಕಳೀಬೇಕು. ಸ್ಟೆಪ್ಪು, ಲೈನರ್‌ಗೆ ಅಂತ 100 ತೆಗೆಯೋಣ, 1,584 ಉಳೀತು. ಕ್ಯಾಂಪರ್ ಹಾಕುವಾಗ ಬೆಡ್ ಕವರ್ ಹೇಗೂ ತೆಗೀಲೇಬೇಕು. ಟೈಲ್‌ಗೇಟನ್ನೂ ಬಿಚ್ಚಿ ಮನೇಲಿಟ್ರೆ ಸುಮಾರು 70 ವಾಪಸ್ ಬರತ್ತೆ, ಅಲ್ಲಿಗೆ 1,654. ನೀವು ನಾಲ್ಕೂ ಜನ ಕೂತ್ರೆ 1,184. ಇಷ್ಟರಲ್ಲಿ ಕ್ಯಾಂಪರ್ರು, ನೀರು, ಗ್ಯಾಸು, ಬ್ಯಾಟರಿ, ಹಾಸಿಗೆ, ಅಕ್ಕಿ ಬೇಳೆ, ಬಟ್ಟೆ ಎಲ್ಲ ಮುಗೀಬೇಕು.

ಈಗ ಆ ಕ್ಯಾಂಪರ್ ನೋಡಿ. 1,730 ಅನ್ನೋದು ಡ್ರೈ ವೇಟ್. ಅಂದ್ರೆ ನೀರಿಲ್ಲ, ಗ್ಯಾಸಿಲ್ಲ, ಹೆಚ್ಚಿನವರ ಬ್ರೋಷರ್‌ನಲ್ಲಿ ಬ್ಯಾಟರೀನೂ ಇಲ್ಲ, ಎಸಿ, ಆನಿಂಗ್ (ಹೊರಗೆ ಚಾಚೋ ಬಟ್ಟೆ ಚಪ್ಪರ), ಸೋಲಾರ್ ಅಂತ ಆಪ್ಷನ್ ಏನೇನಿದೆಯೋ ಅದ್ಯಾವುದೂ ಇಲ್ಲ. ಆಪ್ಷನ್‌ಗೆ ಒಂದು 200 ಇಡಿ, ಅದು ಜಾಸ್ತಿ ಏನಲ್ಲ. 20 ಗ್ಯಾಲನ್ ನೀರು 167 ಪೌಂಡ್, ಯಾಕಂದ್ರೆ ಒಂದು ಗ್ಯಾಲನ್‌ಗೆ 8.34. ಇಲ್ಲಿ 20 ಪೌಂಡ್ ಸಿಲಿಂಡರ್ ಅಂತ ಕರೀತಾರಲ್ಲ, ಅದು ಒಳಗಿನ ಗ್ಯಾಸಿನ ತೂಕ ಅಷ್ಟೇ, ಕಬ್ಬಿಣ ಸೇರಿದ್ರೆ 37. ಅಡುಗೆ ಸಾಮಾನು, ಬಟ್ಟೆ, ಹಾಸಿಗೆ, ಟೂಲ್ಸ್ ಎಲ್ಲಕ್ಕೂ 250. ಒಟ್ಟು 2,384. ನಿಮಗೆ ಉಳಿದಿರೋದು 1,184. ಸರಿಯಾಗಿ 1,200 ಪೌಂಡ್ ಜಾಸ್ತಿ, ಅಂದ್ರೆ 540 ಕೆಜಿ ಮೇಲೆ. ಇದು ಅಲ್ಲೊಂದು ಇಲ್ಲೊಂದು ಸಾಮಾನು ಬಿಟ್ಟು ಸರಿ ಮಾಡೋ ತರದ್ದಲ್ಲ.

ಅಂದ ಹಾಗೆ ಕ್ಯಾಂಪರ್ ನೋಡೋಕೆ ಹೋದಾಗ ಬ್ರೋಷರ್ ಪಕ್ಕಕ್ಕಿಟ್ಟು ಕ್ಯಾಂಪರ್ ಮೇಲೆ ಅಂಟಿಸಿರೋ ಲೇಬಲ್ ಓದಿ. ಬೆಡ್ ಒಳಗೆ ಕೂರೋ ಕ್ಯಾಂಪರ್‌ಗಳಿಗೆ ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಇಂಥದ್ದೊಂದು ಲೇಬಲ್ ಇರಬೇಕು, ಇಷ್ಟು ಗ್ಯಾಲನ್ ನೀರು, ಇಷ್ಟು ಗ್ಯಾಸು ತುಂಬಿದಾಗ ಒಟ್ಟು ಇಷ್ಟು ತೂಕ ಅಂತ ಅದರಲ್ಲಿರತ್ತೆ, ಆಪ್ಷನ್‌ಗಳದು ಮಾತ್ರ ನೀವೇ ಬೇರೆ ಸೇರಿಸ್ಕೋಬೇಕು. ಅದೇ ನಿಯಮದಲ್ಲೇ ಟ್ರಕ್ ಕಂಪನಿಯವರೂ ಈ ಗಾಡಿ ಕ್ಯಾಂಪರ್‌ಗೆ ಎಷ್ಟು ತೂಕ ತಡೆಯತ್ತೆ, ಆ ತೂಕದ ನಡುಬಿಂದು ಬೆಡ್‌ನಲ್ಲಿ ಎಲ್ಲಿಂದ ಎಲ್ಲಿವರೆಗೆ ಬರಬಹುದು ಅಂತ ಮಾಲೀಕನಿಗೆ ಬರೆದು ಕೊಡಬೇಕು. ಗ್ಲೋವ್ ಬಾಕ್ಸ್‌ನಲ್ಲಿ ಯಾರೂ ಮುಟ್ಟದ ಕಾಗದದ ಕಟ್ಟು ಇರತ್ತಲ್ಲ, ಅಲ್ಲಿ ಹುಡುಕಿ. ಕ್ಯಾಂಪರ್ ಹೊರಕ್ಕೆ ತಕ್ಕದ್ದಲ್ಲ ಅಂತಲೇ ಬರೆದಿರೋ ಟ್ರಕ್ಕುಗಳೂ ಇವೆ.

ಏರ್‌ಬ್ಯಾಗ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇದನ್ನ ನಂಬಿ ಒಳ್ಳೊಳ್ಳೆಯವರೂ ದುಡ್ಡು ಹಾಕ್ತಾರೆ, ನನಗೆ ನಿಜವಾಗ್ಲೂ ಸಂಕಟ ಆಗತ್ತೆ. ಏರ್‌ಬ್ಯಾಗು, ರಬ್ಬರ್ ಸ್ಪ್ರಿಂಗು, ಎಕ್ಸ್‌ಟ್ರಾ ಸ್ಪ್ರಿಂಗ್ ಪಟ್ಟಿ ಹಾಕೋದು ಇವೆಲ್ಲ ಕುಸಿದಿರೋ ಹಿಂಭಾಗನ ಮೇಲೆತ್ತತ್ತೆ, ತಿರುವಿನಲ್ಲಿ ಓಲಾಡೋದನ್ನ ಕಡಿಮೆ ಮಾಡತ್ತೆ, ಒಳ್ಳೇ ಸಾಮಾನುಗಳೇ. ಆದ್ರೆ ಹಿಂದಿನ ಆಕ್ಸಲ್ಲು ಅದೇ, ಬೇರಿಂಗ್ ಅದೇ, ರಿಮ್ಮು ಅದೇ, ಬ್ರೇಕ್ ಅದೇ. ಹಿಂದೆ ಭಾರ ಹೆಚ್ಚಾಗಿ ಮುಂದಿನ ಚಕ್ರ ಹಗುರಾಗಿದ್ರೆ ಏರ್‌ಬ್ಯಾಗ್‌ಗೆ ಗಾಳಿ ತುಂಬಿ ಗಾಡಿ ಮಟ್ಟಸ ಮಾಡಿದ್ರೂ ಆ ಭಾರ ಮುಂದಕ್ಕೆ ವಾಪಸ್ ಹೋಗಲ್ಲ. ನೋಡೋಕೆ ಮಾತ್ರ ಸರಿ ಕಾಣತ್ತೆ, ಅದೇ ಅಪಾಯ, ಕುಸಿದಿದ್ರೆ ಕಣ್ಣಿಗಾದ್ರೂ ಬೀಳ್ತಿತ್ತು. ಬಾಗಿಲ ಸ್ಟಿಕ್ಕರ್ ನಂಬರನ್ನ ಅಂಗಡೀಲಿ ಸಿಗೋ ಯಾವ ಕಿಟ್ಟೂ ಜಾಸ್ತಿ ಮಾಡಲ್ಲ.

ಟೈರ್‌ದೂ ಅಷ್ಟೇ. ಎಫ್-150ಗೆ ಕಂಪನಿಯಿಂದ ಬರೋದು ಹೆಚ್ಚಾಗಿ ಕಾರಿನ ಜಾತಿಯ ಟೈರು, ಅಂಥವನ್ನ ಪಿಕಪ್‌ಗೆ ಹಾಕಿದಾಗ ಟೈರ್ ಮೇಲೆ ಬರೆದಿರೋ ಲೋಡನ್ನ 1.10ರಿಂದ ಭಾಗಿಸಿ ಲೆಕ್ಕ ಹಿಡೀಬೇಕು. ಎಲ್‌ಟಿ (ಲೈಟ್ ಟ್ರಕ್) ಅಂತ ಶುರುವಾಗೋ, ಹೆಚ್ಚು ಭಾರ ಹೊರೋ ಲೋಡ್ ರೇಂಜ್ ಇ ಟೈರ್ ಹಾಕಿಸಿದ್ರೆ ಪಕ್ಕದ ಗೋಡೆ ಗಟ್ಟಿ, ಓಲಾಟ ಕಡಿಮೆ. ಉದಾಹರಣೆಗೆ ಎಲ್‌ಟಿ 275/70 ಆರ್18 ಟೈರು 80 ಪಿಎಸ್‌ಐ ಗಾಳಿಯಲ್ಲಿ ಒಂದೊಂದೂ 3,640 ಪೌಂಡ್ ಹೊರತ್ತೆ. ಆದ್ರೆ ಎಲ್‌ಟಿ ಟೈರ್‌ಗೆ ಅದೇ ಭಾರ ಹೊರೋಕೆ ಹಳೇ ಟೈರ್‌ಗಿಂತ ಜಾಸ್ತಿ ಗಾಳಿ ಬೇಕು, ಬಾಗಿಲಲ್ಲಿ ಬರೆದಿರೋ ಪಿಎಸ್‌ಐನೇ ತುಂಬಿ ಹೊರಟ್ರೆ ಪ್ರಯೋಜನ ಇಲ್ಲ, ಟೈರ್ ಕಂಪನಿಯ ಲೋಡ್ ಟೇಬಲ್ ನೋಡಿ ತುಂಬಿ. ಟೈರೂ ಸ್ವಲ್ಪ ಭಾರ ಇರತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ.

ಈಗ ಶೆಲ್. ನಿಮ್ಮ ಎರಡನೇ ಪ್ರಶ್ನೆಯ ದಾರೀನೇ ಸರಿ, ಆದ್ರೆ ಎಂಥ ಶೆಲ್ ಅನ್ನೋದು ಮುಖ್ಯ. ಮೇಲಕ್ಕೆತ್ತೋ ಬಟ್ಟೆ ಗೋಡೆಯ ಪಾಪ್-ಅಪ್‌ಗಳಲ್ಲಿ ಒಳಗೇನೂ ಇಲ್ಲದ ಶೆಲ್ಲೇ ದೊಡ್ಡ ಪಿಕಪ್‌ಗೆ 900 ಆಸುಪಾಸು ಬರತ್ತೆ ಅಂತಿಟ್ಕೊಳ್ಳಿ, 1,184ರಲ್ಲಿ ಅದನ್ನ ಕಳೆದ್ರೆ 284. ನೀರು, ಗ್ಯಾಸು, ಒಂದು ಬ್ಯಾಟರಿ, ಫ್ರಿಜ್ಜು ಅನ್ನೋವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರತ್ತೆ, ಮರದ ಕೆಲಸ ಒಂದು ಚೂರು ಮಾಡಿದ್ರೂ ನಾಲ್ಕು ಜನರ ಹಾಸಿಗೆ ಬಟ್ಟೆ ಊಟಕ್ಕೆ ಜಾಗ ಇಲ್ಲ. ಇಬ್ಬರೇ ಹೋಗೋರಿಗೆ ಅದು ಚೆನ್ನಾಗಿದೆ. ನಿಮಗೆ ನಾನು ಹೇಳೋದು ಅಲ್ಯೂಮಿನಿಯಂ ಚೌಕಟ್ಟಿನ, ಸೂರು ಓರೆಯಾಗಿ ತೆರೆಯೋ, ಬೆಡ್ ಮೇಲೆ ಮುಚ್ಚಳದ ಹಾಗೆ ಕೂರೋ ಹಗುರ ಟಾಪರ್ ತರದ್ದು, 300ರಿಂದ 500 ಪೌಂಡ್ ಒಳಗೆ ಸಿಗತ್ತೆ, ಮೇಲೆ ನೀವಿಬ್ಬರು, ಕೆಳಗೆ ಬೆಡ್‌ನಲ್ಲಿ ಮಕ್ಕಳು. 450ರದ್ದು ಅಂತಿಟ್ಕೊಂಡ್ರೆ ಕೈಯಲ್ಲಿ 734 ಉಳಿಯತ್ತೆ. 12 ಗ್ಯಾಲನ್ ನೀರಿಗೆ 100, ಒಂದು ಲಿಥಿಯಂ ಬ್ಯಾಟರಿ 30, ಫ್ರಿಜ್ 50, ಸ್ಟವ್ವು ಮತ್ತೆ ಚಿಕ್ಕ ಸಿಲಿಂಡರ್ 35, ಒಳಗಿನ ಕಟ್ಟೋಣಕ್ಕೆ 120, ಹಾಸಿಗೆ ಹೊದಿಕೆ 60, ಊಟ ಪಾತ್ರೆ 90, ಬಟ್ಟೆ 60, ಜ್ಯಾಕು ಟೂಲ್ಸು 50. ಎಲ್ಲಾ ಸೇರಿ 595, ಇನ್ನೂ 139 ಮಿಗತ್ತೆ. ಆ 139ನ ದಯವಿಟ್ಟು ಖರ್ಚು ಮಾಡಬೇಡಿ, ದಾರೀಲಿ ಕೊಳ್ಳೋ ಸೌದೆ, ಒದ್ದೆ ಬಟ್ಟೆ, ಮಕ್ಕಳು ಆರಿಸ್ಕೊಂಡು ತರೋ ಕಲ್ಲು, ಎಲ್ಲದಕ್ಕೂ ಅದೇ.

ಗಟ್ಟಿ ಗೋಡೇನೇ ಬೇಕು, ಚಳಿಗೆ ಮಕ್ಕಳು ಇದ್ದಾರೆ ಅಂದ್ರೆ ಎರಡು ದಾರಿ. ಒಂದು, ದೊಡ್ಡ ಟ್ರಕ್ಕು, ಎಫ್-250, ಎಫ್-350 ತರದ್ದು. ಅಲ್ಲೂ ಡೀಸೆಲ್ ಅಂತ ಆಸೆ ಪಡಬೇಡಿ, ಆ ಎಂಜಿನ್ನೇ ಭಾರ, ಬಹಳಷ್ಟು ಎಫ್-250ಗಳಲ್ಲಿ ಗಾಡಿಯ ಒಟ್ಟು ಮಿತಿ 10,000 ಪೌಂಡೇ ಇರೋದ್ರಿಂದ ಎಂಜಿನ್ ಭಾರ ಹೆಚ್ಚಾದಷ್ಟೂ ನಿಮ್ಮ ಪೇಲೋಡ್ ತಿಂದ್ಹಾಕತ್ತೆ, ಕ್ಯಾಂಪರ್‌ಗೆ ಪೆಟ್ರೋಲ್ ಟ್ರಕ್ಕೇ ವಾಸಿ. ಎರಡು, ಸಣ್ಣ ಟ್ರೇಲರ್. ಈಗಿರೋ ಟ್ರಕ್ಕಿಗೆ ನಿಜವಾಗ್ಲೂ ಒಪ್ಪೋದು ಇದು, 4,000 ಪೌಂಡಿನ ಟ್ರೇಲರ್ ಕಟ್ಟಿದ್ರೆ ಹಿಚ್ (ಟ್ರೇಲರ್ ಕಟ್ಟೋ ಕೊಂಡಿ) ಮೇಲೆ ಬೀಳೋದು ಹತ್ತರಿಂದ ಹದಿನೈದು ಪರ್ಸೆಂಟು, ಹೆಚ್ಚು ಅಂದ್ರೂ 600, ಮತ್ತೆ ಹಿಚ್ಚಿನ ತೂಕ, ಅಷ್ಟೇ ಪೇಲೋಡ್‌ನಿಂದ ಹೋಗೋದು. ಡೆತ್ ವ್ಯಾಲಿಯ ಕಚ್ಚಾ ರಸ್ತೆಗಳಿಗೆ ಎಳ್ಕೊಂಡು ಹೋಗೋಕಾಗಲ್ಲ ಅನ್ನೋದೊಂದು ಕೊರತೆ, ಕ್ಯಾಂಪ್‌ನಲ್ಲಿ ಬಿಟ್ಟು ಹೋಗಬಹುದು.

ಶೆಲ್ಲೇ ಅಂತ ತೀರ್ಮಾನ ಮಾಡಿದ್ರೆ ಪ್ಲೈವುಡ್ ಬಗ್ಗೆ ಕೇಳಿ. ಮುಕ್ಕಾಲು ಇಂಚು ದಪ್ಪದ, ನಾಲ್ಕು ಅಡಿ-ಎಂಟು ಅಡಿಯ ಒಂದು ಶೀಟು 60-70 ಪೌಂಡ್ ಇರತ್ತೆ. ಮನೆ ಕಪಾಟು ಮಾಡಿದ ಹಾಗೆ ಎರಡೂವರೆ ಶೀಟ್ ಹಾಕಿದ್ರೆ ಒಳಗಿನ ಕಟ್ಟೋಣಕ್ಕೆ ನಾನಿಟ್ಟ 120 ಅಲ್ಲೇ ಮುಗೀತು, ಅದಕ್ಕೆ ಮೇಲೆ ಹಿಂಜು, ಡ್ರಾಯರ್ ಚಾನೆಲ್ಲು, ಸ್ಕ್ರೂ. ಡ್ರಾಯರ್ ಚಾನೆಲ್ಲು ಕಣ್ಣಿಗೆ ಕಾಣದ ತೂಕ, ಹೆವಿ ಡ್ಯೂಟಿದು ಒಂದು ಜೊತೆ ಕೈಲಿ ಹಿಡಿದು ನೋಡಿ ಗೊತ್ತಾಗತ್ತೆ. ಭಾರ ಹೊರೋ ಕಡೆ ಮಾತ್ರ ಅರ್ಧ ಇಂಚು, ಉಳಿದ ಕಡೆ ತೆಳು ಅಲ್ಯೂಮಿನಿಯಂ ಚೌಕಟ್ಟಿಗೆ ಕಾಲು ಇಂಚಿನ ಪ್ಲೈ, ಬಾಗಿಲ ಬದಲು ಬಟ್ಟೆ ಇಲ್ಲಾ ಬಲೆ, ಡ್ರಾಯರ್ ಬದಲು ಪ್ಲಾಸ್ಟಿಕ್ ಡಬ್ಬ, ಅದು ಜಾರದ ಹಾಗೆ ಒಂದು ಪಟ್ಟಿ. ಇಷ್ಟರಲ್ಲೇ ನೂರು ಪೌಂಡ್ ಉಳಿಸಬಹುದು, ಅದೂ ಗಟ್ಟಿತನ ಬಿಡದೆ. ಪ್ರತೀ ತುಂಡನ್ನೂ ಜೋಡಿಸೋಕೆ ಮುಂಚೆ ತೂಗಿ. ಊರಿಗೆ ಹೋಗುವಾಗ ಸೂಟ್‌ಕೇಸ್ 50 ಪೌಂಡ್ ಮೀರದ ಹಾಗೆ ಎತ್ತಿ ನೋಡೋ ಕೊಕ್ಕೆ ಸ್ಕೇಲ್ ಇರತ್ತಲ್ಲ ನಿಮ್ಮನೇಲಿ, ಅದೇ ಸಾಕು, ತೂಗಿದ್ದನ್ನ ಫೋನಲ್ಲಿ ಬರೆದಿಡಿ. ಅಂದಾಜಲ್ಲಿ ಕಟ್ಟಿದವರೆಲ್ಲ ಕಡಿಮೆ ಕಡೆಗೇ ಅಂದಾಜು ಮಾಡಿರ್ತಾರೆ, ನಾನು ನೋಡಿರೋ ಕ್ಯಾಂಪರ್‌ಗಳಲ್ಲಿ ಇದಕ್ಕೆ ಅಪವಾದ ತುಂಬಾ ಅಪರೂಪ.

ಬರೆಯುವಾಗ ತೂಕದ ಪಕ್ಕ ಇನ್ನೊಂದು ಕಾಲಂ ಹಾಕಿ, ಹಿಂದಿನ ಆಕ್ಸಲ್‌ನಿಂದ ಎಷ್ಟು ಇಂಚು ಮುಂದೆ ಇಲ್ಲಾ ಹಿಂದೆ ಅಂತ. ಒಟ್ಟು ತೂಕದ ಬಗ್ಗೆ ಎಲ್ಲರೂ ಮಾತಾಡ್ತಾರೆ, ಇದರ ಬಗ್ಗೆ ಯಾರೂ ಹೇಳಲ್ಲ, ನನ್ನ ಪ್ರಕಾರ ಇದು ಅಷ್ಟೇ ಮುಖ್ಯ. ನಿಮ್ಮ ಟ್ರಕ್ಕಿನ ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರ, 145 ಇಂಚು. ಈಗ ಜನರೇಟರು, ಪೆಟ್ರೋಲ್ ಕ್ಯಾನು, ಒಂದು ಪೆಟ್ಟಿಗೆ ಅಂತ 120 ಪೌಂಡನ್ನ ಹಿಂದೆ ಬಂಪರ್ ಹತ್ರ, ಆಕ್ಸಲ್‌ನಿಂದ 60 ಇಂಚು ಆಚೆ ನೇತು ಹಾಕಿದ್ರಿ ಅಂತಿಟ್ಕೊಳ್ಳಿ. ಮಕ್ಕಳ ಸೀ-ಸಾ ಹಲಗೆಯ ಆಟದ ಹಾಗೆ ಹಿಂದೆ ಒತ್ತಿದ್ದಕ್ಕೆ ಮುಂದೆ ಏಳತ್ತೆ. 60ನ 145ರಿಂದ ಭಾಗಿಸಿ 120ರಿಂದ ಗುಣಿಸಿದ್ರೆ 50, ಅಂದ್ರೆ ಮುಂದಿನ ಚಕ್ರಗಳ ಮೇಲಿಂದ 50 ಪೌಂಡ್ ಹೋಯ್ತು, ಹಿಂದಿನ ಆಕ್ಸಲ್ ಮೇಲೆ 120 ಅಲ್ಲ, 170 ಬಿತ್ತು. ಅದೇ 120ನ ಆಕ್ಸಲ್‌ಗಿಂತ 30 ಇಂಚು ಮುಂದೆ, ಕ್ಯಾಬಿನ್ ಗೋಡೆ ಕಡೆ ಇಟ್ರೆ ಹಿಂದಕ್ಕೆ 95, ಮುಂದಕ್ಕೆ 25. ಸಾಮಾನು ಅದೇ, ಹಿಂದಿನ ಆಕ್ಸಲ್ ಲೆಕ್ಕದಲ್ಲಿ 75 ಪೌಂಡ್ ವ್ಯತ್ಯಾಸ. ಸ್ಟೀರಿಂಗ್ ಹಿಡಿತ ಇರೋದು, ಬ್ರೇಕ್ ಹೆಚ್ಚು ಕೆಲಸ ಮಾಡೋದು ಮುಂದಿನ ಚಕ್ರದಲ್ಲಿ, ಅದನ್ನ ಹಗುರ ಮಾಡಿ ಇಳಿಜಾರಲ್ಲಿ ಇಳಿಯೋ ಹಾಗಾಗಬಾರದು.

ಹಾಗಾಗಿ ನೀರಿನ ಟ್ಯಾಂಕ್, ಬ್ಯಾಟರಿ, ಸಿಲಿಂಡರ್, ಅಕ್ಕಿ ಬೇಳೆ ಡಬ್ಬ, ಭಾರದ್ದೆಲ್ಲ ಆಕ್ಸಲ್‌ಗಿಂತ ಮುಂದೆ, ನೆಲಕ್ಕೆ ಹತ್ರ. ಹಾಸಿಗೆ, ಬಟ್ಟೆ, ಖಾಲಿ ಬಕೆಟ್ಟು ಹಿಂದೆ, ಮೇಲೆ. ಇಡೀ ಕ್ಯಾಂಪರ್ ತುಂಬಿದಾಗ ಅದರ ನಡುಬಿಂದು ಹಿಂದಿನ ಆಕ್ಸಲ್‌ನ ಗೆರೆಗಿಂತ ಮುಂದೆ ಬರಲೇಬೇಕು. ಐದೂವರೆ ಅಡಿ ಬೆಡ್‌ನಲ್ಲಿ ಇದು ಕಷ್ಟ, ಕ್ಯಾಂಪರ್ ಉದ್ದ ಆದಷ್ಟೂ ಹಿಂದಕ್ಕೇ ಚಾಚೋದು. ಕೊಳೆ ನೀರಿನ ಟ್ಯಾಂಕ್ ಎಲ್ಲಿದೆ ಅಂತಲೂ ನೋಡಿ, ಮುಂದಿನ ಟ್ಯಾಂಕ್ ಖಾಲಿ ಆಗ್ತಾ ಹಿಂದಿನದು ತುಂಬ್ತಾ ಹೋದ್ರೆ ಪ್ರವಾಸದ ಕೊನೇ ದಿನ ಭಾರ ಪೂರ್ತಿ ಹಿಂದಕ್ಕೆ ಬಂದಿರತ್ತೆ.

ಅಡುಗೆ ಸಾಮಾನಿನ ಬಗ್ಗೆ ಸ್ವಲ್ಪ ಹೇಳ್ಲೇಬೇಕು, ನಮ್ಮ ಜನ ತೂಕ ತುಂಬೋದು ಇಲ್ಲೇ. ಸೋನಾ ಮಸೂರಿ 20 ಪೌಂಡಿನ ಚೀಲ ಹಾಗೇ ಎತ್ತಿ ಹಾಕಬೇಡಿ, ವಾರಕ್ಕೆ ನಾಲ್ಕು ಜನಕ್ಕೆ ಬೇಕಾದಷ್ಟು ಅಳೆದು ತಗೊಂಡು ಹೋಗಿ. ಬೀಡು ಕಬ್ಬಿಣದ ಹಂಚು 8 ಪೌಂಡ್ ಇರತ್ತೆ, ಅಲ್ಯೂಮಿನಿಯಂ ನಾನ್‌ಸ್ಟಿಕ್ ತವಾದಲ್ಲೂ ದೋಸೆ ಏಳತ್ತೆ. 6 ಕ್ವಾರ್ಟ್ ಇನ್‌ಸ್ಟಂಟ್ ಪಾಟ್ 12 ಪೌಂಡ್ ಆಸುಪಾಸು, ಅದರ ಕರೆಂಟಿಗೆ ಬ್ಯಾಟರೀನೂ ದೊಡ್ಡದು ಬೇಕು, ಮೂರು ಲೀಟರ್ ಕುಕ್ಕರ್ ಗ್ಯಾಸ್ ಮೇಲೆ ಇಟ್ರೆ ಸಾಕು. ವೆಟ್ ಗ್ರೈಂಡರ್ ಮನೇಲೇ ಇರ್ಲಿ, ಹಿಟ್ಟು ರುಬ್ಬಿ ಫ್ರಿಜ್‌ನಲ್ಲಿ ತಗೊಂಡು ಹೋಗಿ.

ಒಂದೇ ಒಂದು ಕಡೆ ತೂಕ ಉಳಿಸಬೇಡಿ, ಕುಡಿಯೋ ನೀರು. ಡೆತ್ ವ್ಯಾಲಿಗೆ ಪಾರ್ಕ್‌ನವರೇ ತಲೆಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್ ಅಂತಾರೆ, ನಾಲ್ಕು ಜನಕ್ಕೆ ದಿನಕ್ಕೆ 33 ಪೌಂಡ್. ಸ್ನಾನ, ಪಾತ್ರೆಗೆ ಬೇಕಾದ ನೀರನ್ನ ಫ್ರೀಮಾಂಟ್‌ನಿಂದ ಹೊತ್ತು ಬರಬೇಕಾಗಿಲ್ಲ, ಪಾರ್ಕ್ ಒಳಗೆ ಸ್ಟವ್‌ಪೈಪ್ ವೆಲ್ಸ್, ಫರ್ನೇಸ್ ಕ್ರೀಕ್‌ನಲ್ಲಿ ತುಂಬ್ಕೋಬಹುದು. ಇದರಲ್ಲಿ ಇನ್ನೊಂದು ಅನುಕೂಲ, ಪ್ಯಾನಮಿಂಟ್ ಕಣಿವೆ ಕಡೆಯಿಂದ ಹೈವೇ 190ರಲ್ಲಿ ಬಂದ್ರೆ ಟೌನ್ ಪಾಸ್ ಅಂತ ಸುಮಾರು 5,000 ಅಡಿ ಎತ್ತರದ ಘಾಟಿ ಹತ್ತಿ ಆಮೇಲೆ ಸಮುದ್ರ ಮಟ್ಟದವರೆಗೆ ಒಂದೇ ಸಮ ಇಳೀಬೇಕು, ಅಲ್ಲಿ ಟ್ಯಾಂಕ್ ಖಾಲಿ ಇದ್ದಷ್ಟೂ ಬ್ರೇಕಿಗೆ ಒಳ್ಳೇದು. ಇಳಿಯುವಾಗ ಗೇರ್ ಕಡಿಮೆ ಮಾಡಿ ಎಂಜಿನ್ ಹಿಡಿತದಲ್ಲೇ ಇಳೀರಿ, ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ.

ಬೆಡ್‌ಗೆ ಬೋಲ್ಟ್ ಹಾಕಿ ಬಿಗಿಯೋದಾದ್ರೆ ನೆನಪಿಡಿ, 2015ರಿಂದ ಎಫ್-150 ಬಾಡಿ, ಬೆಡ್ ಎಲ್ಲ ಅಲ್ಯೂಮಿನಿಯಂ. ಕೆಳಗಡೆ ಅಗಲ ಬ್ಯಾಕಿಂಗ್ ಪ್ಲೇಟ್ ಇಲ್ಲದೆ ಬರೀ ವಾಷರ್ ಹಾಕಿ ಬಿಗಿಸಬೇಡಿ, ಹರಿದು ಬರತ್ತೆ. ಲಿಥಿಯಂ ಬ್ಯಾಟರಿ ಅಂತ ಹೇಳಿದ್ದು ತೂಕಕ್ಕೆ, 100 ಆಂಪಿಯರ್ ಅವರ್‌ನ ಲೆಡ್ ಬ್ಯಾಟರಿ 60 ಪೌಂಡ್ ದಾಟತ್ತೆ, ಇದು ಅದರರ್ಧ, ಬಳಸೋಕೆ ಸಿಗೋ ಕರೆಂಟೂ ಜಾಸ್ತಿ. ಆದ್ರೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಕೆಳಗೆ ಚಾರ್ಜ್ ಮಾಡಬಾರದು, ಯೂಟಾಗೆ ಚಳಿಗಾಲದಲ್ಲಿ ಹೋಗೋದಾದ್ರೆ ಬ್ಯಾಟರಿ ಒಳಗಡೆ ಬೆಚ್ಚಗಿರೋ ಜಾಗದಲ್ಲಿರ್ಲಿ.

ಕೊನೇದಾಗಿ ತೂಕದ ಕಾಟಾ. ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಬೋರ್ಡ್ ಇರತ್ತೆ, 15 ಡಾಲರ್ ಆಸುಪಾಸು ತಗೋತಾರೆ, 24 ಗಂಟೆ ಒಳಗೆ ಮತ್ತೆ ತೂಗಿದ್ರೆ ತುಂಬಾ ಕಡಿಮೆ. ಮುಂದಿನ ಚಕ್ರ ಮೊದಲ ಪ್ಲೇಟ್ ಮೇಲೆ, ಹಿಂದಿನ ಚಕ್ರ ಎರಡನೇದರ ಮೇಲೆ ನಿಲ್ಲಿಸಿದ್ರೆ ಎರಡೂ ಆಕ್ಸಲ್ ತೂಕ ಬೇರೆ ಬೇರೆ ಕೊಡ್ತಾರೆ. ಎರಡು ಸಲ ಹೋಗಿ. ಒಂದ್ಸಲ ಏನೂ ಕೊಳ್ಳೋಕೆ ಮುಂಚೆ, ಟ್ಯಾಂಕ್ ಫುಲ್ ಮಾಡಿ ನೀವೊಬ್ಬರೇ. ಇನ್ನೊಂದು ಸಲ ಎಲ್ಲ ಕಟ್ಟಿ ಮುಗಿದ ಮೇಲೆ, ನೀರು ತುಂಬಿ, ಮಕ್ಕಳನ್ನ ಕೂರಿಸ್ಕೊಂಡು, ನಿಜವಾಗ್ಲೂ ಊರಿಗೆ ಹೊರಟ ಹಾಗೆ. ಆ ಚೀಟಿ ಹಿಡ್ಕೊಂಡು ಬಾಗಿಲಲ್ಲಿರೋ ಇನ್ನೊಂದು ಲೇಬಲ್ ನೋಡಿ, ಅಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಒಟ್ಟು ಗಾಡಿ ಮೂರರ ಮಿತಿನೂ ಇರತ್ತೆ. ಒಟ್ಟು ಸರಿಯಿದ್ದು ಹಿಂದಿನ ಆಕ್ಸಲ್ ಮೀರಿರೋದು ತುಂಬಾ ಸಾಮಾನ್ಯ, ಆಗ ತೆಗೆಯೋದಕ್ಕಿಂತ ಮುಂದಕ್ಕೆ ಸರಿಸೋದ್ರಲ್ಲೇ ಎಷ್ಟೋ ಸಲ ಸರಿಹೋಗತ್ತೆ.

ಮೊದಲ ಸಲದ ಚೀಟಿ, ಆ ಲೇಬಲ್‌ನ ಹಿಂದಿನ ಆಕ್ಸಲ್ ನಂಬರು, ಮತ್ತೆ ಬೆಡ್‌ನ ಮುಂದಿನ ಗೋಡೆಯಿಂದ ಹಿಂದಿನ ಚಕ್ರದ ನಡುವಿಗೆ ಎಷ್ಟು ಇಂಚು ಅಂತ ಅಳೆದು ಬರೆದು ಕಳಿಸಿ. ನೀರಿನ ಟ್ಯಾಂಕ್, ಬ್ಯಾಟರಿ, ಫ್ರಿಜ್ ಎಲ್ಲೆಲ್ಲಿ ಇಡಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.